ಬಣ್ಣದಮ್ಮ ಕೂತ ಹಿತ್ತಲು

ನಮ್ಮ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ಅದು ಆಯಿಯ ಕಟ್ಟಪ್ಪಣೆ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅಪ್ಪ ಕರೆದಂತೆಯೇ ಮನೆಯವರೆಲ್ಲರೂ ಅವಳನ್ನು ಆಯಿ ಎಂದೇ ಕರೆಯುತ್ತಿದ್ದೆವು. ಮೊಳೆ ಹೊಡೆದವನು ಆ ಮೊಳೆಗೇ ಸಿಕ್ಕಿಬೀಳುತ್ತಾನೆ ಎನ್ನುತ್ತಿದ್ದಳು. ಹಾಗಾಗಿ ಚಿತ್ರದುರ್ಗದ ಕೋಟೆಯ ಕೆಳಗಿನ ಆ ಉದ್ದನೆಯ ಮನೆಯಲ್ಲಿ ಬಟ್ಟೆ ಗಂಟಿನಲ್ಲಿತ್ತು, ಕಾಳುಕಡಿ ಗಂಟಿನಲ್ಲಿತ್ತು, ನನ್ನ ಅವ್ವನ ಧಾರೆ ಸೀರೆ ಕೂಡ ಗಂಟಿನಲ್ಲಿತ್ತು. ಬೇರೆಯವರ ಮನೆಗೆ ಆಡಲು ಹೋದರೆ ಗೂಟಕ್ಕೆ ಅಂಗಿ, ಗೋಡೆಗೆ ದೇವರ ಪಟ, ನೆಲುವಿನ ಮೇಲೆ ಬೆಣ್ಣೆಯ ಗಡಿಗೆ ಕಾಣುತ್ತಿದ್ದವು. ನಮ್ಮಲ್ಲಿ ಎಲ್ಲವೂ ನೆಲದ ಮೇಲೆ, ಎತ್ತಿದರೆ ಹೊರಡಬಹುದು ಎನ್ನುವ ಹಾಗೆ. ಬೆಳಿಗ್ಗೆ ಕಣ್ಣು ಬಿಟ್ಟಾಗ ನಾನು ಮೊದಲು ನೋಡುತ್ತಿದ್ದುದು ಆ ಗಂಟುಗಳನ್ನು. ನಿನ್ನೆ ಇದ್ದಲ್ಲೇ ಇವೆಯೇ, ಬಾಗಿಲ ಕಡೆಗೆ ಸರಿದಿವೆಯೇ ಎಂದು. ಇಷ್ಟು ವಯಸ್ಸಾದ ಮೇಲೂ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಮೂಲೆಗಳಿಗೆ.

ನಾವು ಬಣ್ಣದವರು. ನೇಕಾರರು ತರುವ ನೂಲಿಗೆ, ಹೆಂಗಸರು ತರುವ ಮಾಸಿದ ಸೀರೆಗೆ ಬಣ್ಣ ಹಾಕಿಕೊಡುವುದು ನಮ್ಮ ಕಸುಬು. ಆಯಿಯ ಅತ್ತೆಯ ಅತ್ತೆ ಯಾವುದೋ ಕಾಲದಲ್ಲಿ ಕೃಷ್ಣೆಯ ಆಚೆಯಿಂದ ಇಳಿದು ಬಂದವಳಂತೆ. ಅದಕ್ಕೂ ಹಿಂದೆ ನಮ್ಮವರು ಎಲ್ಲಿದ್ದರು ಎಂದು ಕೇಳಿದರೆ ಆಯಿ ಪಡುವಣದ ಕಡೆ ಕೈ ತೋರಿಸಿ, ಮರಳುಗಾಡು ದಾಟಿದ ಮೇಲೆ ಒಂದು ಗುಡ್ಡದ ಗವಿಯಲ್ಲಿ ನಮ್ಮ ಹಿಂಗುಲಾಂಬೆಯ ಮೂಲಸ್ಥಾನ ಇದೆ ಎನ್ನುತ್ತಿದ್ದಳು. ಅವಳು ಅದನ್ನು ನೋಡಿದವಳಲ್ಲ. ನೋಡಿದವರನ್ನು ನೋಡಿದವಳೂ ಅಲ್ಲ. ನಮ್ಮ ಪಾಲಿಗೆ ದೇವಿ ಎಂದರೆ ಅಂಗೈಯಗಲದ ಒಂದು ಹಿತ್ತಾಳೆಯ ಮುಖ. ತಲೆಮಾರುಗಳ ಹುಣಸೆಹಣ್ಣಿನ ತಿಕ್ಕಿಗೆ ಮೂಗು ಸವೆದಿತ್ತು, ಕಣ್ಣು ಮಾತ್ರ ಚೂಪಾಗಿ ಉಳಿದಿದ್ದವು. ಕೆಂಪು ಬಟ್ಟೆ ಹಾಸಿದ ಬಿದಿರಿನ ಬುಟ್ಟಿಯಲ್ಲಿ ಕುಳಿತು ನಡುಮನೆಯ ತೊಲೆಯಿಂದ ಹಗ್ಗದಲ್ಲಿ ತೂಗುತ್ತಿದ್ದಳು. ಅವಳು ನೆಲ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಅಲ್ಲೇ ನೆಲೆಯಾದಳು ಎಂದು ಅರ್ಥ. ಅವಳು ನೆಲೆಯಾದರೆ ಮತ್ತೆ ಎಬ್ಬಿಸುವ ಹಾಗಿಲ್ಲ. ಗಂಡಸರು ಅವಳನ್ನು ಮುಟ್ಟುವಂತಿರಲಿಲ್ಲ. ಊರು ಬಿಡುವ ದಿನ ಮನೆಯ ಹಿರಿಯ ಹೆಂಗಸು ಹಗ್ಗ ಬಿಚ್ಚಿ ಬುಟ್ಟಿ ಇಳಿಸಬೇಕು, ಸೊಸೆ ಸೆರಗೊಡ್ಡಿ ದೇವಿಯನ್ನು ಮಡಿಲಿಗೆ ತೆಗೆದುಕೊಂಡು ಗಾಡಿ ಹತ್ತಬೇಕು. ಕೇರಿಯಲ್ಲಿ ನಮ್ಮವರ ಮನೆಗಳು ಒಂದು ಸಾಲು ಇದ್ದವು. ಎಲ್ಲರಿಗೂ ಇದೊಂದೇ ದೇವಿ. ಆಯಿ ಬುಟ್ಟಿ ಇಳಿಸುವ ತನಕ ಯಾರ ಗಾಡಿಯೂ ಹೊರಡುತ್ತಿರಲಿಲ್ಲ. ಇಳಿಸಿದ ಮೇಲೆ ಯಾರ ಗಾಡಿಯೂ ನಿಲ್ಲುತ್ತಿರಲಿಲ್ಲ.

ಬಣ್ಣಕ್ಕೆ ನೀರೇ ಪ್ರಾಣ. ನೀರು ಕೆಟ್ಟಲ್ಲಿ ನಾವು ಇರುತ್ತಿರಲಿಲ್ಲ. ಅವ್ವ ಹುಟ್ಟಿದ್ದು ಹಿರಿಯೂರಿನಲ್ಲಿ, ವೇದಾವತಿಯ ದಂಡೆಯ ಒಂದು ಬಣ್ಣದ ಮನೆಯಲ್ಲಿ. ಮದುವೆಯಾಗಿ ಬಂದದ್ದು ಅದೇ ದಂಡೆಯ ಇನ್ನೊಂದು ಮನೆಗೆ. ಹರಿಯುವ ಹೊಳೆಯಲ್ಲಿ ಜಾಲಿಸಿದರೆ ಕೆಂಪು ಹೇಗೆ ಎದ್ದು ಬರುತ್ತಿತ್ತು ಎಂದು ಅವಳು ಒಮ್ಮೊಮ್ಮೆ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ಮೇಲೆ ಮಾರಿಕಣಿವೆಗೆ ಸರ್ಕಾರದವರು ಕಟ್ಟೆ ಕಟ್ಟತೊಡಗಿದ ಮೇಲೆ ಹೊಳೆ ತಗ್ಗಿತು, ನಿಂತ ನೀರಿಗೆ ಬಣ್ಣ ಹಿಡಿಯದಾಯಿತು. ಆದಿವಾಲದಲ್ಲಿ ಒಂದು ಬೇಸಿಗೆ ಇದ್ದರು, ಅಲ್ಲಿಂದ ಹೊಸದುರ್ಗ, ಹೊಸದುರ್ಗಕ್ಕೆ ಪ್ಲೇಗು ಬಂದು ಹೊಳಲ್ಕೆರೆ, ಹೊಳಲ್ಕೆರೆಯ ಬಾವಿ ಸವುಳಾಗಿ ದುರ್ಗ. ಆದಿವಾಲದಲ್ಲಿ ನನ್ನ ಅಣ್ಣನನ್ನು ಮಣ್ಣು ಮಾಡಿದರು, ಹೊಸದುರ್ಗದಲ್ಲಿ ನನ್ನ ಅಕ್ಕನನ್ನು. ನಾನು ಹೊಳಲ್ಕೆರೆಯಲ್ಲಿ ಹುಟ್ಟಿ ಹೇಗೋ ಬದುಕಿಕೊಂಡೆ. ತಮ್ಮ ತುಕ್ಯಾ ದುರ್ಗದ ಮನೆಯಲ್ಲೇ ಹುಟ್ಟಿ ಅದೇ ಮನೆಯ ಹೊಸ್ತಿಲು ಹಿಡಿದು ನಿಲ್ಲಲು ಕಲಿತ. ಅವ್ವ ಹೋದ ಮಕ್ಕಳ ಮಾತು ಎತ್ತಿದ್ದನ್ನು ನಾನು ಕೇಳಿದವಳಲ್ಲ. ಆದರೆ ಹೊಸದುರ್ಗದ ಕಡೆಯಿಂದ ಯಾರೇ ಬರಲಿ, ಸುಡುಗಾಡಿನ ಹತ್ತಿರದ ಹುಣಸೆಮರ ಇನ್ನೂ ಇದೆಯೇ, ಕಡಿದುಬಿಟ್ಟರೇ ಎಂದು ಕೇಳದೆ ಬಿಡುತ್ತಿರಲಿಲ್ಲ.

ದುರ್ಗದ ಮನೆ ನಮ್ಮದಲ್ಲ. ಕೇರಿಯ ತುದಿಯ ದೊಡ್ಡ ಮನೆಯ ಗೌರಮ್ಮನದು. ಅವರು ತಲೆತಲಾಂತರದಿಂದ ಅದೇ ಊರಿನವರು, ಹತ್ತಿ ವ್ಯಾಪಾರದ ಲಿಂಗವಂತರು. ಗಂಡ ತೀರಿಹೋದ ಮೇಲೆ ವ್ಯವಹಾರವೆಲ್ಲ ಗೌರಮ್ಮನ ಕೈಯಲ್ಲಿತ್ತು. ಬಾಡಿಗೆಗೆ ಕೊಟ್ಟ ಆ ಮನೆ ಅಗಲ ಕಡಿಮೆ, ಉದ್ದ ಜಾಸ್ತಿ. ಮುಂದೆ ಪಡಸಾಲೆ, ಆಮೇಲೆ ಬೆಳಕಿಲ್ಲದ ನಡುಮನೆ, ಆಮೇಲೆ ಹೊಗೆ ಕಟ್ಟಿದ ಅಡುಗೆಮನೆ, ಅದರ ಹಿಂದೆ ಹಿತ್ತಲು. ಹಿತ್ತಲೇ ನಮ್ಮ ನಿಜವಾದ ಮನೆ. ಅಲ್ಲಿ ಬಂಡೆಯ ಸಂದಿನಿಂದ ಒಸರುವ ನೀರಿನ ಬಾವಿ ಇತ್ತು. ಆ ಬಾವಿಯ ನೀರನ್ನು ನಾಲಿಗೆಗೆ ಹಚ್ಚಿ ನೋಡಿಯೇ ಆಯಿ ಈ ಮನೆಯನ್ನು ಒಪ್ಪಿದ್ದಂತೆ. ಬಾವಿಯ ಒಂದು ಪಕ್ಕ ಮಡ್ಡಿ ಬೇರು ಕುದಿಸುವ ಕೆಂಪಿನ ಹಂಡೆಗಳು, ಇನ್ನೊಂದು ಪಕ್ಕ ಕುತ್ತಿಗೆಯ ತನಕ ಮಣ್ಣಿನಲ್ಲಿ ಹೂತ ನೀಲಿಯ ಬಾನಿಗಳು. ಕಂದು ಬೇಕಾದವರಿಗೆ ಭೀಮಸಮುದ್ರದಿಂದ ಅಡಿಕೆ ಬೇಯಿಸಿದ ಚೊಗರು ಬರುತ್ತಿತ್ತು. ಅಪ್ಪನ ಕೈ ಮೊಣಕೈಯ ತನಕ ಕೆಂಪು, ಆಯಿಯದು ನೀಲಿ, ಅರಿಶಿನ ಮುತ್ತುಗ ಅರೆಯುವ ಅವ್ವನದು ಹಳದಿ. ಮೂವರೂ ಒಂದೇ ಪರಾತದಿಂದ ರೊಟ್ಟಿ ಮುರಿದುಕೊಳ್ಳುವಾಗ ನಾನು ಮುಖ ನೋಡದೆ ಕೈ ನೋಡಿಯೇ ಯಾರಿಗೆ ಸಿಟ್ಟು ಬಂದಿದೆ ಎಂದು ಹೇಳಬಲ್ಲವಳಾಗಿದ್ದೆ. ಜೋಳದ ರೊಟ್ಟಿ, ಜುಣಕ, ಹಸಿ ಈರುಳ್ಳಿ ನಮ್ಮ ದಿನದ ಊಟ. ದಸರೆಯಲ್ಲಿ ದೇವಿಗೆ ಮರಿ ಕಡಿದು, ಅದರ ಸಾರಿನ ಮೊದಲ ಬಟ್ಟಲನ್ನು ಬುಟ್ಟಿಯ ಕೆಳಗೆ ಹಿಡಿದು, ಆಮೇಲೆ ಕೇರಿಯವರೆಲ್ಲ ಉಣ್ಣುತ್ತಿದ್ದೆವು. ಏನೇ ತಿಂದರೂ ಬಾಯಿಗೆ ಬರುವ ಮುಂಚೆ ಮೂಗಿಗೆ ನೀಲಿಯ ಕೊಳೆತ ವಾಸನೆ ಬರುತ್ತಿತ್ತು.

ಆ ನೀಲಿಯ ಬಾನಿಯ ವಿಷಯದಲ್ಲೇ ಆಯಿಗೂ ಅವ್ವನಿಗೂ ಒಳಗೊಳಗೆ ಜಗಳ. ನೀಲಿ ಎಂದರೆ ಹೆಪ್ಪು ಹಾಕಿದ ಹಾಲಿನ ಹಾಗೆ, ಜೀವ ಇರುವ ಪದಾರ್ಥ. ಸುಣ್ಣ, ಬೆಲ್ಲ, ಬೇಯಿಸಿದ ತಗಚೆ ಬೀಜ ಹಾಕಿ, ಹುಳಿ ಬರಿಸಿ, ಮೇಲೆ ನೊರೆ ಏಳುವ ತನಕ ಕಾಯಬೇಕು. ಚಳಿಗೆ ಸಾಯುತ್ತದೆ, ಅತಿ ಸುಣ್ಣಕ್ಕೆ ಸಾಯುತ್ತದೆ. ಆಯಿ ದಿನವೂ ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿ, ಇಷ್ಟು ಸುಣ್ಣ, ಇಷ್ಟು ಬೆಲ್ಲ ಎಂದು ತಾನೇ ಹಾಕುತ್ತಿದ್ದಳು. ಸೊಸೆಯನ್ನು ಬಾನಿಯ ಬಾಯಿಗೆ ಬಗ್ಗಲು ಬಿಡುತ್ತಿರಲಿಲ್ಲ. ಹೊಳೆ ನೀರಿನಲ್ಲಿ ಬೆಳೆದವಳ ಕೈ ಬಿಸಿ, ನೀಲಿ ಮುನಿಯುತ್ತದೆ ಎಂದು ಒಂದು ನೆವ. ಆ ಮಾತು ಬಂದಾಗೆಲ್ಲ ಅವ್ವ ಅರಿಶಿನವನ್ನು ಇನ್ನಷ್ಟು ಜೋರಾಗಿ ಅರೆಯುತ್ತಿದ್ದಳು. ಅಪ್ಪನಿಗೆ ಈ ಜಗಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅವನು ಮನೆಯಲ್ಲಿದ್ದರೂ ಮನೆಯಲ್ಲಿರುತ್ತಿರಲಿಲ್ಲ. ಉಣ್ಣುತ್ತಲೇ ಎದ್ದು ಹೋಗಿ ಮಡ್ಡಿ ಹಂಡೆ ನೋಡುವನು, ಹಂಡೆಯ ಮುಂದೆ ನಿಂತು ಸಂತೆಯ ದಾರಿ ನೋಡುವನು. ಹಿರಿಯೂರಿನ ಸಂತೆಗೆ ಹೋದವನು ಅಲ್ಲಿ ಸಿಕ್ಕ ಗಾಡಿಯವರ ಜೊತೆ ಇನ್ನೂ ಮುಂದೆ ಹೋಗಿ, ಬರುತ್ತಾನೆಂದು ಮಾಡಿಟ್ಟ ರೊಟ್ಟಿ ಸೆಟೆದುಹೋದ ಮೇಲೆ ಬರುತ್ತಿದ್ದ. ಬಂದವನ ಬಾಯಲ್ಲಿ ಬರೀ ದೂರದೂರದ ಊರುಗಳು. ಸೊಲ್ಲಾಪುರದ ಗಿರಣಿಯಲ್ಲಿ ನೂಲಿಗೆ ಆವಿಯಲ್ಲೇ ಬಣ್ಣ ಹತ್ತಿಸುತ್ತಾರಂತೆ, ಹುಬ್ಬಳ್ಳಿಯಲ್ಲಿ ರೈಲು ಮನೆ ಬಾಗಿಲಿಗೇ ಬರುತ್ತದಂತೆ. ಅವನು ಹೇಳುವುದನ್ನು ಕೇಳುತ್ತ ನನಗೂ ಕಾಲು ತುರಿಸುತ್ತಿತ್ತು ಎಂಬುದನ್ನು ಬಚ್ಚಿಡುವುದಿಲ್ಲ.

ಡಬ್ಬಿಯ ಬಣ್ಣ ಬಂದದ್ದು ಸಂತೆಯ ದಾರಿಯಲ್ಲೇ. ಅಂಗೈಯಲ್ಲಿ ಹಿಡಿಯುವಷ್ಟು ತಗಡಿನ ಡಬ್ಬಿ, ಮೇಲೆ ಹುಲಿಯ ಚಿತ್ರ, ಒಳಗೆ ಪುಡಿ. ಬಿಸಿನೀರಿಗೆ ಹಾಕಿದರೆ ಒಂದು ಎಲೆ ಅಡಿಕೆ ಅಗಿಯುವಷ್ಟರಲ್ಲಿ ಸೀರೆ ಕೆಂಪಾಗುತ್ತಿತ್ತು. ಅಪ್ಪ ಅದೇ ಕೆಂಪನ್ನು ಬೇರು ಕುಟ್ಟಿ, ನೂಲನ್ನು ಎಣ್ಣೆಯಲ್ಲಿ ನೆನೆಸಿ, ಬಿಸಿಲಿಗೆ ಹಾಕಿ, ಮತ್ತೆ ನೆನೆಸಿ ಕಟ್ಟಬೇಕಿತ್ತು. ಮೊದಲು ನೇಕಾರರು ನೂಲು ತರುವುದು ಕಡಿಮೆಯಾಯಿತು. ಆಮೇಲೆ ಹೆಂಗಸರು ಮನೆಯಲ್ಲೇ ಬೋಗುಣಿಯಲ್ಲಿ ಬಣ್ಣ ಕಲಸತೊಡಗಿದರು. ಮಡ್ಡಿ ಹಂಡೆಯ ಕೆಳಗೆ ಬೆಂಕಿ ಹಾಕದ ದಿನಗಳು ಬಂದವು. ನಮ್ಮ ಕೇರಿಯ ಗಂಡಸರು ಪಡಸಾಲೆಯಲ್ಲಿ ಸೇರಿ ಸಂಜೆಯ ತನಕ ಮಾತಾಡಿದರು. ಅಪ್ಪನ ಮಾತೇ ಜೋರು. ಕೆಲಸ ನಮ್ಮನ್ನು ಬಿಟ್ಟು ಉತ್ತರಕ್ಕೆ ಹೋಗಿದೆ, ನಾವು ಅದರ ಬೆನ್ನು ಹತ್ತಿ ಹೋಗಬೇಕು, ನಮ್ಮ ಹಿರಿಯರು ಮಾಡಿದ್ದೂ ಅದನ್ನೇ ಎಂದ. ಒಳಗಿನಿಂದ ಆಯಿ ಹೂಂಗುಟ್ಟಿದಳು. ಅವಳಿಗೆ ಹೊರಡುವುದು ಹೊಸದಲ್ಲ. ಗಾಡಿ ಗೊತ್ತು ಮಾಡುವುದು, ಒಳ್ಳೆಯ ದಿನ ನೋಡುವುದು, ಹಳೆಯ ಬಾನಿಯಿಂದ ಒಂದು ಕುಡಿಕೆ ನೀಲಿಯನ್ನು ಹೆಪ್ಪಿಗೆಂದು ಎತ್ತಿಟ್ಟುಕೊಳ್ಳುವುದು, ಎಲ್ಲವೂ ಅವಳಿಗೆ ಹಬ್ಬದ ಅಡುಗೆಯಷ್ಟೇ ರೂಢಿ. ಅವ್ವನನ್ನು ಯಾರೂ ಕೇಳಲಿಲ್ಲ. ಅವಳು ಗಂಡಸರಿಗೆ ನೀರು ಕೊಟ್ಟು ಬಂದು, ತುಕ್ಯಾನನ್ನು ಕಾಲ ಮೇಲೆ ಹಾಕಿಕೊಂಡು, ಅವನ ಪಾದಗಳನ್ನು ಎಷ್ಟೋ ಹೊತ್ತು ಒತ್ತುತ್ತ ಕುಳಿತಳು.

ಹೊರಡುವ ದಿನ ಬೆಳಿಗ್ಗೆ ಗಾಡಿಗಳು ಕೇರಿಯ ಬಾಯಲ್ಲಿ ಸಾಲಾಗಿ ನಿಂತಿದ್ದವು. ಗಂಟುಗಳು ಕೊನೆಗೂ ಬಾಗಿಲ ಕಡೆಗೆ ಸರಿದಿದ್ದವು. ಅವ್ವ ಎಂದಿನಂತೆ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಮನೆ ಗುಡಿಸಿದಳು. ಊರು ಬಿಡುವಾಗ ಒಲೆಗೆ ಹಾಲು ಬೆರೆಸಿದ ನೀರು ಹಾಕಿ ಆರಿಸುವುದು ನಮ್ಮ ಪದ್ಧತಿ. ಅವಳು ಆರಿಸಿರಲಿಲ್ಲ. ಬೂದಿ ಮುಚ್ಚಿದ ಕೆಂಡ ಹಾಗೇ ಇತ್ತು. ನಾನು ನೋಡಿದೆ, ಹೇಳಬೇಕೆಂದುಕೊಂಡೆ, ಅವಳ ಮುಖ ಕಂಡು ನಡುಮನೆಗೆ ಬಂದುಬಿಟ್ಟೆ. ಆಯಿ ಮಿಂದು ಬಂದು ತೊಲೆಯ ಹಗ್ಗ ಬಿಚ್ಚಿ ಬುಟ್ಟಿಯನ್ನು ಇಳಿಸಿದಳು. ಬಾಗಿಲಲ್ಲಿ ನಮ್ಮ ಜನವೆಲ್ಲ ಕೈ ಮುಗಿದು ನಿಂತಿತ್ತು. ಅವ್ವ ಸೆರಗೊಡ್ಡಿದಳು, ಆಯಿ ದೇವಿಯ ಮುಖವನ್ನು ಅದರಲ್ಲಿಟ್ಟಳು. ಆಗ ಅವ್ವ ಬೀದಿಯ ಬಾಗಿಲಿಗೆ ಬೆನ್ನು ಮಾಡಿ ಅಡುಗೆಮನೆಯ ಕಡೆ ತಿರುಗಿದಳು. ಏನೋ ಮರೆತಿರಬೇಕು ಎಂದುಕೊಂಡಳಂತೆ ಆಯಿ. ನಾನು ತುಕ್ಯಾನನ್ನು ಸೊಂಟಕ್ಕೇರಿಸಿಕೊಂಡು ಹಿಂದೆಯೇ ಹೋದೆ. ಅವ್ವ ಅಡುಗೆಮನೆ ದಾಟಿ, ಹಿತ್ತಲಿಗಿಳಿದು, ಬಾನಿಗಳ ನಡುವೆ ನಡೆದು ಬಾವಿಯ ಪಕ್ಕಕ್ಕೆ ಹೋದಳು. ಮಂಡಿಯೂರಿ ಎಡಗೈಯಿಂದ ಮಣ್ಣು ಸವರಿ ಸಮ ಮಾಡಿದಳು. ದೇವಿಯನ್ನು ನೆಲದ ಮೇಲೆ ಇಟ್ಟಳು. ಸೆರಗನ್ನು ಹೊದ್ದುಕೊಂಡು ಪಕ್ಕದಲ್ಲೇ ಕುಳಿತಳು.

ಅಪ್ಪ ಹಿತ್ತಲ ಬಾಗಿಲಿಗೆ ಬಂದ. ಅವನ ಹಿಂದೆ ಕೇರಿಯವರ ತಲೆಗಳು.

"ಎತ್ತು," ಎಂದ.

"ನಾನು ಎತ್ತಾದಿಲ್ಲ. ಆಕಿ ಕುಂತಾಳೆ."

"ಆಕಿ ಕುಂತಿಲ್ಲ. ನೀನು ಕೂರ್ಸೀಯ."

"ಹೂಂ, ನಾನೇ ಕೂರ್ಸೀನಿ. ಎಲ್ಡು ಸಲ ಮಕ್ಕಳ್ನ ಮಣ್ಣಾಗಿಟ್ಟು ನಿಮ್ಮ ಹಿಂದೆ ಎದ್ದು ಬಂದೀನಿ. ಈ ಸಲ ಎದ್ದು ಬರಾದಿಲ್ಲ."

ಅವಳ ದನಿ ಏರಲಿಲ್ಲ. ಅವಳು ಅಷ್ಟು ಜನರ ಮುಂದೆ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಪ್ಪ ತಾನೇ ಬಗ್ಗಿ ಎತ್ತಿಬಿಡುತ್ತಾನೆ ಎಂದುಕೊಂಡೆ. ಒಂದು ಹೆಜ್ಜೆ ಮುಂದಿಟ್ಟ, ಅಷ್ಟೆ. ಗಂಡಸರು ಮುಟ್ಟುವಂತಿಲ್ಲ. ತಿರುಗಿ ಆಯಿಯನ್ನು ನೋಡಿದ. ಎಲ್ಲರೂ ಆಯಿಯನ್ನೇ ನೋಡಿದರು. ಅವಳು ಹಿತ್ತಲ ಹೊಸ್ತಿಲ ಮೇಲೆ ಖಾಲಿ ಬುಟ್ಟಿ ಹಿಡಿದುಕೊಂಡು ನಿಂತಿದ್ದಳು. ಸೊಸೆಯ ಮೇಲೆ ಅವಳಿಗೆ ಸಿಟ್ಟು ಉಕ್ಕಿತ್ತು. ಅವಳು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬಗ್ಗಿ ಎತ್ತಿಕೊಂಡು, ಏನೂ ಆಗಿಲ್ಲ ಎಂದುಬಿಟ್ಟಿದ್ದರೆ ಕೇರಿಯೆಲ್ಲ ಒಪ್ಪುತ್ತಿತ್ತು.

"ನಮ್ಮತ್ತಿ ನಂಗೆ ಹೇಳಿದ್ದು, ನಾನು ನಿಂಗೆ ಹೇಳಿದ್ದು ಒಂದೇ ಮಾತು," ಎಂದಳು ಮಗನಿಗೆ. "ನೆಲ ಹಿಡಿದಾಕಿನ ಎಬ್ಸಾಕೆ ನಾನ್ಯಾರಪ್ಪ?"

ಹೊರಡಬೇಕೋ ಬೇಡವೋ ಎಂದು ಕೇರಿ ಎರಡಾಯಿತು. ಕೆಲವರು ಗಂಟುಗಳನ್ನು ಮತ್ತೆ ಒಳಗೆ ಹೊತ್ತರು. ಹೆಚ್ಚಿನವರು ಹೊರಟರು, ದೇವಿಯಿಲ್ಲದೆ, ಮುಖ ಸಣ್ಣಗೆ ಮಾಡಿಕೊಂಡು. ಅಪ್ಪ ಹೊರಟವರ ಜೊತೆ ಹೊರಟ. ನೆಲೆ ಕಂಡ ಮೇಲೆ ಹೇಳಿ ಕಳಿಸುತ್ತೇನೆ ಎಂದು ಯಾರ ಮುಖವನ್ನೂ ನೋಡದೆ ಹೇಳಿದ. ಆಯಿಯ ಗಂಟನ್ನು ಅವನೇ ಗಾಡಿಯಿಂದ ಇಳಿಸಿ ಪಡಸಾಲೆಯಲ್ಲಿಟ್ಟ, ಏಕೆಂದರೆ ಅವಳು ದೇವಿಯನ್ನು ಬಿಟ್ಟು ಬರುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ನೊಗಕ್ಕೆ ಎತ್ತು ಕಟ್ಟಿದ ಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ.

"ರುಕ್ಮಿ, ನೀನಾದ್ರ ಬರ್ತೀಯೇನವ್ವ?"

ನನಗೆ ಹೋಗಬೇಕೆನ್ನಿಸಿತು. ಅದನ್ನು ನಾನು ಅವ್ವನಿಗೆ ಅವಳ ಕೊನೆಯ ತನಕ ಹೇಳಲಿಲ್ಲ. ರೈಲು, ಗಿರಣಿ, ಆವಿಯಲ್ಲಿ ಬಣ್ಣ ಹತ್ತುವ ನೂಲು, ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಬಂದವು. ಆದರೆ ಸೊಂಟದ ಮೇಲಿನ ತುಕ್ಯಾ ನನ್ನ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ, ಅವನನ್ನು ಯಾರ ಕೈಗೆ ಕೊಡಬೇಕೆಂದು ಸುತ್ತ ನೋಡುವಷ್ಟರಲ್ಲಿ ಗಾಡಿ ಹೊರಟಿತು. ಅಪ್ಪ ನನ್ನ ಮಾತಿಗೆ ಕಾಯದೆ ಓಡಿಹೋಗಿ ಹಿಂದಿನಿಂದ ಹತ್ತಿಕೊಂಡ. ಕಾದಿದ್ದರೆ ಏನು ಹೇಳುತ್ತಿದ್ದೆನೋ. ಎಷ್ಟೋ ವರ್ಷ ಅದೇ ಪ್ರಶ್ನೆಯನ್ನು ಮನಸ್ಸಿನಲ್ಲಿ ತಿರುಗಿಸುತ್ತ ಕಳೆದಿದ್ದೇನೆ. ಮದುವೆಯಾಗಿ, ಮಕ್ಕಳಾಗಿ, ಇದೇ ಊರಿನಲ್ಲಿ ಬೇರು ಬಿಟ್ಟ ಮೇಲೂ ದಾರಿಯಲ್ಲಿ ಗಾಡಿಯ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ.

ಮರುದಿನ ಗೌರಮ್ಮ ಬಂದರು. ಆ ಕೇರಿಯಲ್ಲಿ ಅವರು ಬಾಡಿಗೆಯ ಮನೆಗಳ ಒಳಗೆ ಕಾಲಿಡುತ್ತಿರಲಿಲ್ಲ. ಅಂದು ನೇರ ಹಿತ್ತಲಿಗೇ ಬಂದರು. ಅವ್ವ ರಾತ್ರಿಯೆಲ್ಲ ದೇವಿಯ ಪಕ್ಕದಲ್ಲೇ ಮಲಗಿದ್ದವಳು ಎದ್ದು ನಿಂತಳು. ಗೌರಮ್ಮ ಹಿತ್ತಾಳೆಯ ಮುಖವನ್ನು, ಅದರ ಹಣೆಗೆ ಅವ್ವ ಹಚ್ಚಿದ್ದ ಕುಂಕುಮವನ್ನು ನೋಡಿದರು. ತಮ್ಮ ಕೊರಳಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡರು.

"ಏನವ್ವ ಸಕ್ಕೂ, ಬಾಡಿಗಿ ಮನ್ಯಾಗೆ ದ್ಯಾವ್ರನ್ನ ಕೂರ್ಸೀಯಂತೆ. ಯಾರನ್ನ ಕೇಳಿ ಕೂರಿಸ್ದೆ?"

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಇಲ್ಲಿಂದಲೂ ಎಬ್ಬಿಸಿದರೆ ನಮಗೆ ಹೋಗಲು ಗಾಡಿಯಿರಲಿಲ್ಲ, ಗಂಡಸಿರಲಿಲ್ಲ. ಗೌರಮ್ಮ ಬಹಳ ಹೊತ್ತು ತಮ್ಮ ಮನೆತನದ ನಡೆ ಹೇಳಿದರು: ಅವರಿಗೆ ಲಿಂಗ ಬಿಟ್ಟರೆ ಬೇರೆ ದೇವರಿಲ್ಲ, ಮಠದ ಅಯ್ಯನವರು ಬಂದು ಹೋಗುವ ಮನೆ, ನಾಳೆ ಅವರು ಕೇಳಿದರೆ ಏನು ಹೇಳುವುದು. ಕೊನೆಗೆ ಮುಖ್ಯವಾದದ್ದನ್ನು ಕೇಳಿದರು.

"ನಮ್ಮ ಜಾಗದಾಗೆ ನೆತ್ತರು ಬೀಳಬಾರ್ದು. ನಿಮ್ಮ ದ್ಯಾವ್ರು ಕುರಿ ಕೋಳಿ ಕೇಳ್ತೈತೇನು?"

ಹೊಸ್ತಿಲ ಮೇಲಿದ್ದ ಆಯಿ ಬಾಯಿ ತೆರೆದಳು. ಅವ್ವ ಅವಳಿಗಿಂತ ಮುಂಚೆ ಮಾತಾಡಿದಳು.

"ಇಲ್ರಿ. ಈ ನೆಲದಾಗೆ ಕುಂತ ಮ್ಯಾಲೆ ಕೇಳಾದಿಲ್ಲ. ಬೆಲ್ಲ, ಮೊಸರನ್ನ. ಅಷ್ಟೇ ರೀ."

ನಮ್ಮ ದೇವಿಯ ಊಟ ಬದಲಾದದ್ದು ಹೀಗೆ. ಈಗ ಗುಡಿಗೆ ಬರುವವರು ಹಿಂಗುಲಾಂಬೆ ಮೊದಲಿನಿಂದಲೂ ಸಾತ್ವಿಕ ದೇವತೆ, ಪುರಾಣದಲ್ಲೇ ಹಾಗಿದೆ ಎನ್ನುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಪ್ರತಿ ದಸರೆಗೆ ನಮ್ಮ ಅಡುಗೆಮನೆಯಿಂದ ಯಾವ ಸಾರಿನ ವಾಸನೆ ಬರುತ್ತಿತ್ತು ಎಂದು ಗೌರಮ್ಮನಿಗೂ ಗೊತ್ತಿತ್ತು. ಅವರು ಅವ್ವನನ್ನು, ಆಯಿಯನ್ನು, ಆಮೇಲೆ ನನ್ನನ್ನು ನೋಡಿದರು.

"ಹಂಗಾರೆ ಇರ್ಲಿ ಬಿಡು," ಎಂದರು. "ಗಂಡು ದಿಕ್ಕಿಲ್ದೆ ಮೂರು ಜನ ಹೆಣ್ಮಕ್ಳು ಇದೀರಿ. ಜತಿಗೆ ಈ ದ್ಯಾವ್ರಮ್ಮನೂ ಒಬ್ಬಾಕಿ ಇರ್ಲಿ."

ಆಮೇಲಿನ ತಿಂಗಳುಗಳಲ್ಲಿ ಆಯಿ ಅವ್ವನೊಡನೆ ಮಾತು ಬಿಟ್ಟಳು. ಗಂಡನನ್ನು ಕಳೆದುಕೊಂಡಳೆಂದು ಅವ್ವನ ಮೇಲೆ ಮರುಕವಿಲ್ಲ. ತನ್ನ ಮಗನನ್ನು ದೂರ ಮಾಡಿದಳೆಂದು, ದೇವಿಯ ಬಾಯಿಯ ತುತ್ತು ಕಿತ್ತಳೆಂದು ಸಿಟ್ಟು. ಒಂದೇ ಅಡುಗೆಮನೆಯಲ್ಲಿ, ಒಂದೇ ಒಲೆಯ ಎರಡು ಬದಿಯಲ್ಲಿ ಕುಳಿತು, ನಡುವೆ ನನ್ನನ್ನು ಇಟ್ಟುಕೊಂಡು ಸಂಸಾರ ಮಾಡಿದರು. ದೇವಿಯನ್ನು ಉಪವಾಸ ಹಾಕಿದಾಕೆ ಸಾರಿಗೆ ಉಪ್ಪಾದರೂ ಸರಿಯಾಗಿ ಹಾಕಲಿ ಎಂದು ನಿನ್ನವ್ವನಿಗೆ ಹೇಳು ಎನ್ನುವಳು ಆಯಿ. ನಾನು ಅವ್ವನ ಕಡೆ ತಿರುಗಿ, ಆಯಿಗೆ ಸಾರು ಸ್ವಲ್ಪ ಸಪ್ಪೆ ಆಯಿತಂತೆ ಎನ್ನುವೆ. ಉಪ್ಪಿನ ಮರಿಗೆ ಅಲ್ಲೇ ಇದೆ, ಕೈ ಬಿದ್ದುಹೋಗಿಲ್ಲವಲ್ಲ ಎನ್ನುವಳು ಅವ್ವ. ನಾನು ಉಪ್ಪಿನ ಮರಿಗೆಯನ್ನೇ ತಂದು ಆಯಿಯ ಮುಂದಿಟ್ಟು, ಅವ್ವ ಕೊಟ್ಟಳು ಎನ್ನುವೆ. ಎಲ್ಲವನ್ನೂ ಇಬ್ಬರೂ ತಮ್ಮ ಕಿವಿಯಿಂದಲೇ ಕೇಳಿರುತ್ತಿದ್ದರು. ಆದರೂ ನಾನು ಹೇಳಿದ್ದಕ್ಕೇ ಉತ್ತರ ಕೊಡುತ್ತಿದ್ದರು. ಕಠಿಣವಾದ ಮಾತನ್ನು ನಾಲಿಗೆಯ ಮೇಲೆ ಒಂದು ಸುತ್ತು ಹಾಕಿಸಿ ಕಾರ ತೆಗೆದು ಕೊಡುವುದನ್ನು ನಾನು ಕಲಿತದ್ದು ಆಗಲೇ. ಮುಂದೆ ಅತ್ತೆಯ ಮನೆಯಲ್ಲಿ, ಸೊಸೆಯರ ನಡುವೆ, ಗುಡಿಯ ಪಂಚಾಯ್ತಿಯಲ್ಲಿ ನನ್ನನ್ನು ಎಲ್ಲರೂ ಕರೆಯುತ್ತಿದ್ದುದು ಅದಕ್ಕೇ. ಆದರೆ ನನ್ನದೇ ಮಾತು ಯಾವುದು, ನಾನು ಸಾಗಿಸಿದ್ದು ಯಾವುದು ಎಂದು ನನಗೇ ಗುರುತು ಸಿಗದಂತಾದದ್ದೂ ಅದರಿಂದಲೇ.

ಕೆಂಪಿನ ಕೆಲಸ ಅಪ್ಪನ ಜೊತೆಯೇ ಹೋಯಿತು. ನೀಲಿ ಮಾತ್ರ ಉಳಿಯಿತು, ಏಕೆಂದರೆ ಡಬ್ಬಿಯ ನೀಲಿ ಬೆವರಿಗೆ ಬಿಟ್ಟು ಮೈಗೆಲ್ಲ ಹತ್ತುತ್ತಿತ್ತು. ಹೊಲದಲ್ಲಿ ದುಡಿಯುವವರು ಮತ್ತೆ ನಮ್ಮ ಬಾನಿಗೇ ಬಂದರು. ಆ ಚಳಿಗಾಲ ಆಯಿಗೆ ಜ್ವರ ಹಿಡಿಯಿತು. ಬಾನಿಯ ನೊರೆ ಇಳಿದು ನೀರು ಜೀವಂತ ಬಾನಿಯ ಹಸಿರು ಬಿಟ್ಟು ಬೂದಿ ಬಣ್ಣಕ್ಕೆ ತಿರುಗಿತು. ನಾನು ಅದನ್ನು ಹೇಳಿದಾಗ ಆಯಿ ಹಾಸಿಗೆಯಿಂದ ಎದ್ದು, ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದಳು. ಬಾನಿಯ ಪಕ್ಕ ಕುಸಿದು ಕುಳಿತು, ನನ್ನನ್ನು ಕರೆಯದೆ, ನೇರವಾಗಿ ಕೂಗಿದಳು.

"ಸಕ್ಕೂ, ಬಾ ಇಲ್ಲಿ."

ಅವ್ವ ಕೈ ಒರೆಸಿಕೊಳ್ಳುತ್ತ ಬಂದಳು. ಆಯಿ ಅವಳ ಹಳದಿ ಬೆರಳನ್ನು ಹಿಡಿದು ಬಾನಿಗೆ ಅದ್ದಿ ಅವಳ ಬಾಯಿಗೇ ಇಟ್ಟಳು. ಅವ್ವನ ಮುಖ ಕಿವುಚಿತು. ಏನು ಹೇಳುತ್ತದೆ ಎಂದು ಆಯಿ ಕೇಳಿದಳು. ಹುಳಿ ಹೆಚ್ಚಾಗಿದೆ ಎಂದಳು ಅವ್ವ. ಹಾಗಾದರೆ ಸುಣ್ಣ ಕೇಳುತ್ತಿದೆ, ಎಷ್ಟು ಎಂದು ನಿನ್ನ ನಾಲಿಗೆಯೇ ಹೇಳಬೇಕು, ನಾನಲ್ಲ ಎಂದಳು ಆಯಿ. ಅಂದು ಇಬ್ಬರೂ ಕತ್ತಲಾಗುವ ತನಕ ಬಾನಿಯ ಬಾಯಿಗೆ ಬಗ್ಗಿ, ಚಿಟಿಕೆ ಚಿಟಿಕೆಯಾಗಿ ಹಾಕುತ್ತ, ನೆಕ್ಕುತ್ತ, ಉಗುಳುತ್ತ ಕುಳಿತರು. ನಾನು ಹೊಸ್ತಿಲಲ್ಲಿ ಕಾದೆ. ನನ್ನನ್ನು ಯಾರೂ ಏನನ್ನೂ ಹೇಳು ಎನ್ನಲಿಲ್ಲ. ನಿರಾಳವೂ ಆಯಿತು, ಕೆಲಸ ಕಳೆದುಕೊಂಡ ಹಾಗೂ ಆಯಿತು.

ಗುಡಿಯಾದದ್ದು ನಿಧಾನಕ್ಕೆ. ಮೊದಲು ಬಂದವಳು ಪಕ್ಕದ ಬೀದಿಯ ಒಬ್ಬ ಹೆಂಗಸು, ಮಗುವಿಗೆ ಬಾಲಗ್ರಹ ಎಂದು. ಹಿಂಗುಲಾಂಬೆ ಎಂಬ ಹೆಸರು ಅವಳ ಬಾಯಿಗೆ ಹೊರಳಲಿಲ್ಲ. ಬಣ್ಣದವರ ಅಮ್ಮ ಎಂದಳು, ಅದು ಬಣ್ಣದಮ್ಮ ಆಯಿತು. ಊರು ಕೊಟ್ಟ ಹೆಸರೇ ನಿಂತಿತು. ಗೌರಮ್ಮ ಬಿಸಿಲಿಗೆಂದು ನಾಲ್ಕು ಕಂಬ ನೆಡಿಸಿ ಸೋಗೆ ಹೊದಿಸಿದರು, ತಾವು ಮಾತ್ರ ಕೈ ಮುಗಿಯಲಿಲ್ಲ. ಶುಕ್ರವಾರದ ಬೆಲ್ಲವನ್ನು ಆಳಿನ ಕೈಯಲ್ಲಿ ಕಳಿಸುತ್ತಿದ್ದರು. ಉತ್ತರಕ್ಕೆ ಹೋದ ನಮ್ಮವರಲ್ಲಿ ಕೆಲವರು ಕೆಮ್ಮು ಹಿಡಿದು, ಕೆಲವರು ದುಡಿದು ತಂದು, ಒಬ್ಬೊಬ್ಬರಾಗಿ ಹಿಂದಿರುಗಿದರು. ಅವರು ಗೋಡೆ ಎತ್ತಿದರು, ಕಲ್ಲು ಹಾಸಿದರು, ಕಟ್ಟಿಸಿದವರ ಹೆಸರು ಕೆತ್ತಿಸಿದರು. ಅದರಲ್ಲಿ ಹೆಂಗಸರ ಹೆಸರಿಲ್ಲ. ಗುಡಿ ಬೀದಿಗೆ ಮುಖ ಮಾಡದೆ ಹಿತ್ತಲಿಗೆ ಏಕೆ ಮುಖ ಮಾಡಿದೆ, ಬಾವಿಯನ್ನು ಬಳಸಿ ಏಕೆ ಹೋಗಬೇಕು ಎಂದು ಹೊಸಬರು ಕೇಳುತ್ತಾರೆ. ವಾಸ್ತು ಎಂದು ಯಾರೋ ಹೇಳುತ್ತಾರೆ. ಅವ್ವ ಆ ದಿನ ಎಲ್ಲಿ ಮಂಡಿಯೂರಿದಳೋ ಅಲ್ಲಿಂದ ದೇವಿಯನ್ನು ಸರಿಸಲು ಯಾರಿಗೂ ಧೈರ್ಯವಿರಲಿಲ್ಲ, ಅಷ್ಟೇ.

ಅಪ್ಪನ ಸುದ್ದಿ ಹಿಂದಿರುಗಿದವರ ಬಾಯಿಂದ ಬರುತ್ತಿತ್ತು. ಸೊಲ್ಲಾಪುರದಲ್ಲಿದ್ದಾನೆ, ಅಲ್ಲ ಹುಬ್ಬಳ್ಳಿಗೆ ಬಂದಿದ್ದಾನೆ, ಅಲ್ಲಿ ಮೇಸ್ತ್ರಿಯ ಜೊತೆ ಜಗಳವಾಡಿ ಮತ್ತೆಲ್ಲಿಗೋ ಹೋದ. ಅವನು ಹೇಳಿ ಕಳಿಸಲೂ ಇಲ್ಲ, ಅವ್ವ ಯಾರ ಕೈಯಲ್ಲೂ ಹೇಳಿ ಕಳಿಸಲೂ ಇಲ್ಲ. ತುಕ್ಯಾ ಬಾವಿಯಿಂದ ತಾನೇ ನೀರು ಸೇದುವಷ್ಟು ದೊಡ್ಡವನಾದ. ಆಯಿಯ ಕಣ್ಣಿಗೆ ಪೊರೆ ಬಂತು. ಆದರೂ ಶುಕ್ರವಾರ ತೀರ್ಥ ಕೊಡುವ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಡಲಿಲ್ಲ. ದೇವಿಯ ಮುಂದೆ ಮಣೆ ಹಾಕಿ ಕುಳಿತು, ಚಾಚಿದ ಕೈಗಳನ್ನು ತಡವಿ ನೋಡಿ ತೀರ್ಥ ಹಾಕುವಳು. ಕೈ ಗುರುತಿಲ್ಲದ್ದಾದರೆ ಯಾವ ಊರಿನವರು ಎಂದು ವಿಚಾರಿಸುವಳು.

ಹಾಗೊಂದು ಶುಕ್ರವಾರ ಸಾಲಿನಲ್ಲಿ ಅಪ್ಪನನ್ನು ಕಂಡೆ. ಬೆಲ್ಲದ ತಟ್ಟೆ ಹಿಡಿದು ಆಯಿಯ ಪಕ್ಕ ನಿಂತಿದ್ದೆ. ಕೂದಲು ಬೆಳ್ಳಗಾಗಿತ್ತು, ಭುಜ ಒಂದು ಕಡೆ ಜಗ್ಗಿತ್ತು. ಹೆಗಲ ಮೇಲೆ ಚಿಕ್ಕದೊಂದು ಗಂಟು. ಮನೆಯ ಮುಂಬಾಗಿಲಿಗೆ ಬರದೆ, ಹೊರಗಿನ ಭಕ್ತರು ಬರುವ ಬಾವಿಯ ಬಳಸು ದಾರಿಯಲ್ಲಿ ಬಂದು, ಅವರ ಜೊತೆಯೇ ನಿಂತಿದ್ದ. ಅವನು ನನ್ನನ್ನು ನೋಡಿದ. ನಾನು ಯಾರೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಸಾಲು ಸರಿದು ಅವನ ಸರದಿ ಬಂತು. ಬಗ್ಗಿ ಕೈ ಚಾಚಿದ. ಆಯಿ ಆ ಅಂಗೈಯನ್ನು ತಡವಿದಳು, ಹೆಬ್ಬೆರಳಿನ ಬುಡದ ತನಕ, ಮಣಿಕಟ್ಟಿನ ತನಕ. ತೀರ್ಥದ ಉದ್ಧರಣೆಯನ್ನು ಹಾಗೇ ಮೇಲೆ ಹಿಡಿದುಕೊಂಡು ಕೇಳಿದಳು.

"ಯಾವೂರಪ್ಪ?"

ಪೊರೆಯ ಕಣ್ಣಿಗೆ ಮಗ ಕಾಣಲಿಲ್ಲವೋ, ಬೆರಳಿಗೆ ಗುರುತು ಸಿಕ್ಕಿಯೂ ಕೇಳಿದಳೋ, ನನಗೆ ಇಂದಿಗೂ ತಿಳಿಯದು. ನಾನು ಹೇಳಲು ಬಾಯಿ ತೆರೆದೆ. ಹಿಂದಿನಿಂದ ಅವ್ವನ ಕೈ ಬಂದು ನನ್ನ ಭುಜವನ್ನು ಗಟ್ಟಿಯಾಗಿ ಒತ್ತಿತು. ಅವಳು ಯಾವಾಗ ಬಂದು ನಿಂತಳೋ ಗೊತ್ತಿರಲಿಲ್ಲ. ಈ ಒಂದು ಮಾತನ್ನು ನಾನು ಸಾಗಿಸುವುದು ಅವಳಿಗೆ ಬೇಕಿರಲಿಲ್ಲ. ಅಪ್ಪ ಅವಳನ್ನು ನೋಡಿದ. ಆಮೇಲೆ ತನ್ನ ಕೈ ಹಿಡಿದಿದ್ದ ಮುದುಕಿಯನ್ನು ನೋಡಿದ.

"ಇದೇ ಊರು, ಆಯಿ," ಎಂದ.

ಆಯಿ ತೀರ್ಥ ಹಾಕಿದಳು. ಅವನು ಕುಡಿದ ಮೇಲೂ ಅವಳು ಅವನ ಕೈ ಬಿಡಲಿಲ್ಲ. ಹಿಂದಿದ್ದ ಹೆಂಗಸರು, ಮುಂದೆ ಸರಿಯಪ್ಪ, ನಾವೂ ಹೋಗಬೇಕು ಎಂದರು. ಅಪ್ಪ ಸರಿಯಲಿಲ್ಲ.